ಹಿತ್ತಲ ಬೇಲಿಯ ಕುಂಬು: ಹಳಿಯಾಳ ಸೀಮೆಯ ಜಮೀನುದಾರರು ವಿಚಾರಿಸತಕ್ಕ ಒಂದು ವಿಷಯ

ಹಳಿಯಾಳ ಸೀಮೆಯಲ್ಲಿ ಆರಿದ್ರಾ, ಪುನರ್ವಸು ಮಳೆಗಳು ಬಲವಾಗಿ ಹಿಡಿದ ಕಾಲಕ್ಕೆ ಊರ ಹಿರಿಯರ ಮುಂದೆ ಬರುವ ತಕರಾರುಗಳಲ್ಲಿ ಬೇಲಿಯ ತಕರಾರು ತಪ್ಪುವದು ಅಪರೂಪ. ರಾತ್ರಿ ಎಮ್ಮೆಯೊಂದು ಹಿತ್ತಲ ಬೇಲಿಗೆ ಮೈ ತಿಕ್ಕುವದು. ಗೂಟವು ಹೆಚ್ಚು ಸದ್ದಿಲ್ಲದೆ ನೆಲದ ಮಟ್ಟಕ್ಕೆ ಮುರಿದು ಬೀಳುವದು. ಬೆಳಗಾಗುವಷ್ಟರಲ್ಲಿ ಗೋವಿನಜೋಳದ ನಾಲ್ಕು ಸಾಲೂ ಮೆಣಸಿನ ಸಸಿಯ ಮಡಿಯೂ ನೆಲಸಮವಾಗಿರುವವು. ಹಿತ್ತಲದ ಒಡೆಯನು ಎಮ್ಮೆಯ ಒಡೆಯನನ್ನು ದೂರುವನು. ಎಮ್ಮೆಯ ಒಡೆಯನು ದನಗಾಹಿ ಹುಡುಗನನ್ನು ಗದರಿಸುವನು. ಬೆಳೆ ಮೇಯ್ದ ದನಗಳನ್ನು ಕೊಂಡವಾಡೆಗೆ ಅಟ್ಟುವ ಹಕ್ಕನ್ನು ರೈತನಿಗೆ ಕೊಟ್ಟ ಕಾಯಿದೆಯು 1871ರಷ್ಟು ಹಳೆಯದು. ಜಗಳವಂತೂ ಅದಕ್ಕಿಂತಲೂ ಹಳೆಯದು. ಆದರೆ ಮುರಿದ ಗೂಟವನ್ನು ಎತ್ತಿಕೊಂಡು ಬಂದು, ಅದರ ಬುಡವನ್ನು ಎಲ್ಲರಿಗೂ ತೋರಿಸಿ, ತಪ್ಪು ಯಾರದೆಂದು ವಿಚಾರಿಸಿದ ಪಂಚರು ವಿರಳ.

ಆ ಬುಡವನ್ನು ನೋಡಿದರೆ ಅರ್ಧ ತಕರಾರು ಅಲ್ಲಿಯೇ ಮುಗಿಯತಕ್ಕದ್ದು. ಮೇಲಿನ ನಾಲ್ಕು ಅಡಿ ಕಟ್ಟಿಗೆ ಗಟ್ಟಿಯಾಗಿಯೇ ಇರುವದು. ನೆಲದ ಅಡಿಯಲ್ಲಿದ್ದ ತುದಿಯೂ ಬಹುಮಟ್ಟಿಗೆ ಗಟ್ಟಿಯಾಗಿರುವದು. ಇವೆರಡರ ನಡುವೆ, ನೆಲದ ಮಟ್ಟದಿಂದ ಒಂದು ಅಡಿಯೊಳಗೆ, ಕಟ್ಟಿಗೆಯು ಕಂದುಬಣ್ಣದ ಪುಡಿಯಾಗಿಯೋ, ಬೆಳ್ಳಗೆ ನಾರುನಾರಾಗಿಯೋ, ಕೈಯಿಂದ ಹಿಸುಕಿದರೆ ಉದುರುವಂತೆ ಕುಂಬಾಗಿರುವದು. ಎಮ್ಮೆಯು ಮುರಿದದ್ದು ಬೇಲಿಯನ್ನಲ್ಲ; ಎರಡು ಮಳೆಗಾಲದ ಹಿಂದೆಯೇ ಸತ್ತಿದ್ದ ಗೂಟವನ್ನು ಅದು ಕೆಡವಿತು, ಅಷ್ಟೇ.

ಸಾಗವಾನಿ, ಮತ್ತಿ, ಹೊನ್ನೆ, ನಂದಿ, ಜಂಬೆ ಮೊದಲಾದ ಹೆಸರುವಾಸಿಯಾದ ಮರಗಳ ನಡುವೆ ವಾಸಿಸುವ ಜನರ ಬೇಲಿಗಳು ಇಷ್ಟು ಬೇಗ ಬೀಳುವದು ವಿಚಿತ್ರವಾಗಿ ತೋರಬಹುದು. ನಾಟಾ ಸಾಗಿಸುವದಕ್ಕಾಗಿಯೇ ಅಳ್ನಾವರದಿಂದ ದಾಂಡೇಲಿಗೆ ರೈಲು ಹಳಿಯನ್ನು ಹಾಕಿದ ಸೀಮೆಯಿದು. ಆದರೆ ಈ ಸಮೃದ್ಧಿಯೇ ದುರಭ್ಯಾಸಕ್ಕೆ ಕಾರಣವಾಗಿರುವದೆಂದು ಹೇಳಬೇಕಾಗುತ್ತದೆ. ಕಟ್ಟಿಗೆ ಕೈಗೆಟಕುವಷ್ಟು ಹತ್ತಿರವಿದ್ದ ಕಾಲದಲ್ಲಿ, ಬಿದ್ದ ಗೂಟದ ಬದಲಿಗೆ ಇನ್ನೊಂದನ್ನು ಕಡಿದು ತಂದು ನಿಲ್ಲಿಸುವದೇ ಸುಲಭವಾಗಿತ್ತು; ಅದನ್ನು ಕಾಪಾಡುವ ಯೋಚನೆ ಯಾರಿಗೂ ಬೇಕಾಗಲಿಲ್ಲ. ಆ ಕಾಲವು ಹೋಯಿತು. 1963ರ ಅರಣ್ಯ ಕಾಯಿದೆಯೂ, 1976ರ ವೃಕ್ಷ ಸಂರಕ್ಷಣೆಯ ಕಾಯಿದೆಯೂ ಇರುವಾಗ, ಸರಕಾರಿ ಅಡವಿಯ ಮಾತು ಹಾಗಿರಲಿ, ಸ್ವಂತ ಜಮೀನಿನಲ್ಲಿಯ ಅನೇಕ ಜಾತಿಯ ಮರಗಳನ್ನು ಕಡಿಯುವದಕ್ಕೂ ಅಪ್ಪಣೆ ಬೇಕು. ಡಿಪೋದಲ್ಲಿ ಲಿಲಾವಿನಿಂದ ಕೊಂಡ ಕಟ್ಟಿಗೆಯ ಬೆಲೆಯನ್ನು ಬಲ್ಲ ಜಮೀನುದಾರನು ಅದನ್ನು ಮೂರು ಮಳೆಗಾಲಕ್ಕೆ ಮಣ್ಣುಪಾಲು ಮಾಡುವದು ಯಾವ ಲೆಕ್ಕದಿಂದಲೂ ಒಪ್ಪತಕ್ಕ ಮಾತಲ್ಲ.

ಲೆಕ್ಕವನ್ನೇ ಹಾಕಿ ನೋಡಬಹುದು. ಚಚ್ಚೌಕವಾದ ಒಂದು ಎಕರೆ ಹಿತ್ತಲದ ಸುತ್ತಳತೆಯು ಸುಮಾರು 835 ಅಡಿ. ಎಂಟು ಅಡಿಗೆ ಒಂದರಂತೆ ಗೂಟ ಹಾಕಿದರೆ 104 ಗೂಟಗಳು ಬೇಕು. ಗೂಟವು ಮೂರು ವರ್ಷ ಬಾಳಿದರೆ, ಒಬ್ಬ ರೈತನ ದುಡಿಮೆಯ ಕಾಲವೆನ್ನಬಹುದಾದ 30 ವರ್ಷಗಳಲ್ಲಿ ಆ ಒಂದು ಎಕರೆಯು 1,040 ಗೂಟಗಳನ್ನು ನುಂಗುವದು. ಹನ್ನೆರಡು ವರ್ಷ ಬಾಳಿದರೆ 260 ಸಾಕು. ಉಳಿದ 780 ಗೂಟಗಳು ಅಡವಿಯಲ್ಲಿಯೋ ಡಿಪೋದಲ್ಲಿಯೋ ರೈತನ ಗಂಟಿನಲ್ಲಿಯೋ ಉಳಿದಂತಾಯಿತು. ಅಗೆಯುವ, ನಿಲ್ಲಿಸುವ, ತಂತಿ ಬಿಗಿಯುವ ಕೂಲಿಯನ್ನು ಇದರಲ್ಲಿ ಹಿಡಿದಿಲ್ಲ. ಮೇಯ್ದುಹೋದ ಬೆಳೆಯನ್ನೂ ಹಿಡಿದಿಲ್ಲ.

ಹಾಗಾದರೆ ಗೂಟವು ಹನ್ನೆರಡು ವರ್ಷ ಬಾಳುವದು ಹೇಗೆ? ಇದಕ್ಕೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾದದ್ದಿಲ್ಲ. ಹಳಿಯಾಳದ ಹಳೆಯ ಮನೆಗಳ ಪಡಸಾಲೆಯಲ್ಲಿ ಅಜ್ಜ ಮುತ್ತಜ್ಜರ ಕಾಲದ ಸಾಗವಾನಿ ಕಂಬಗಳು ಇಂದಿಗೂ ನಿಂತಿರುವವು. ಅವುಗಳ ಬುಡದಲ್ಲಿ ಏನಿದೆ? ಕಲ್ಲಿನ ಪೀಠವಿದೆ. ಮನೆ ಕಟ್ಟಿದ ಬಡಿಗನು ಕಂಬವನ್ನು ಮಣ್ಣಿನಲ್ಲಿ ಹೂಳಲಿಲ್ಲ. ನೆಲದ ತೇವವು ಕಟ್ಟಿಗೆಗೆ ಏರದಂತೆ ನಡುವೆ ಕಲ್ಲನ್ನಿಟ್ಟನು, ಮೇಲೆ ಮಾಡು ಹೊದಿಸಿದನು. ಅದೇ ಸಾಗವಾನಿ, ಅದೇ ಅಡವಿ, ಅದೇ ಬಡಿಗ. ಹಿತ್ತಲ ಬಾಗಿಲಲ್ಲಿ ಮಣ್ಣಿಗೆ ನೆಟ್ಟ ಕಂಬ ಮಾತ್ರ ಕೊಳೆಯಿತು. ಇನ್ನೊಂದು ಉದಾಹರಣೆಯನ್ನೂ ಹಿರಿಯರು ಬಲ್ಲರು. ಹಳೆಯ ಬಾವಿಗಳ ತಳದಲ್ಲಿ, ಗೋಡೆಯ ಅಡಿಗೆ, ಮರದ ಚೌಕಟ್ಟನ್ನು ಹಾಸುವ ಪದ್ಧತಿಯಿತ್ತು. ಹೂಳು ತೆಗೆಯುವಾಗ ಅದನ್ನು ಕಂಡವರು ಅದು ಕಪ್ಪಾಗಿದ್ದರೂ ಗಟ್ಟಿಯಾಗಿಯೇ ಇದ್ದದ್ದನ್ನು ಕಂಡಿರುವರು. ಸದಾ ಒಣಗಿರುವ ಕಟ್ಟಿಗೆ ಕೊಳೆಯದು. ಸದಾ ನೀರೊಳಗೆ ಮುಳುಗಿರುವ ಕಟ್ಟಿಗೆಯೂ ಸುಲಭವಾಗಿ ಕೊಳೆಯದು. ಕೊಳೆಯುವದು ಇವೆರಡರ ನಡುವಿನ ಕಟ್ಟಿಗೆ.

ಇದರ ಕಾರಣವು ಈಗ ಗುಟ್ಟಾಗಿ ಉಳಿದಿಲ್ಲ. ಕಟ್ಟಿಗೆ ತಾನಾಗಿ ಹಳತಾಗಿ ಕೊಳೆಯುವದಿಲ್ಲ. ಅದನ್ನು ಒಂದು ಜೀವಿಯು ತಿನ್ನುತ್ತದೆ. ಅಣಬೆಯ ಜಾತಿಗೆ ಸೇರಿದ ಶಿಲೀಂಧ್ರಗಳ ಸೂಕ್ಷ್ಮವಾದ ಎಳೆಗಳು ಕಟ್ಟಿಗೆಯ ನಾರುಗಳೊಳಗೆ ಹಬ್ಬಿ, ಅದರ ಸತ್ತ್ವವನ್ನು ಕರಗಿಸಿ ಉಣ್ಣುವವು. ಈ ಜೀವಿಗೆ ಮೂರು ವಸ್ತುಗಳು ಕೂಡಿಯೇ ಬೇಕು: ನೀರು, ಗಾಳಿ, ಹದವಾದ ಸೆಕೆ. ಕಟ್ಟಿಗೆಯಲ್ಲಿಯ ತೇವವು ಅದರ ಒಣ ತೂಕದ ನೂರಕ್ಕೆ 20 ಭಾಗಕ್ಕಿಂತ ಕಡಿಮೆಯಿದ್ದರೆ ಅದಕ್ಕೆ ಬೆಳೆಯಲು ಶಕ್ತಿಯಿಲ್ಲ. 30 ಭಾಗದ ಸುಮಾರಿಗೆ ಏರಿತೆಂದರೆ ಹಬ್ಬ. ಗೂಟದ ಮೇಲ್ಭಾಗವು ಮಳೆಯಲ್ಲಿ ನೆನೆದರೂ ಬಿಸಿಲಿಗೆ ಆರುವದು. ಆಳದಲ್ಲಿ ಹೂತ ತುದಿಗೆ ಗಾಳಿ ಸಾಲದು. ನೆಲದ ಮಟ್ಟದಲ್ಲಿ ಮಾತ್ರ ಮಣ್ಣಿನ ತೇವ, ಮೇಲಿನ ಗಾಳಿ, ಶ್ರಾವಣದ ಸೆಕೆ ಮೂರೂ ಒಟ್ಟುಗೂಡುವವು. ಅಲ್ಲಿಯೇ ಗೆದ್ದಲೂ ಹತ್ತುವದು. ಕುಂಬಾಗಿ ಮೆತ್ತಗಾದ ಕಟ್ಟಿಗೆಯು ಅದಕ್ಕೆ ಇನ್ನಷ್ಟು ರುಚಿ. ರೈತನಿಗೆ ಕಣ್ಣಿಗೆ ಕಾಣುವದು ಗೆದ್ದಲಿನ ಮಣ್ಣು; ಆದುದರಿಂದ ಎಲ್ಲ ಅಪರಾಧವನ್ನೂ ಅವನು ಗೆದ್ದಲಿಗೇ ಹೊರಿಸಿಬಿಡುವನು.

ಶಿರಸಿ, ಯಲ್ಲಾಪುರಗಳ ಅಡಿಕೆ ತೋಟಿಗರಿಗೆ ಇದನ್ನು ತಿಳಿಸಿ ಹೇಳುವ ಅವಶ್ಯವಿಲ್ಲ. ಕೊಳೆರೋಗವು ದೇವರ ಮುನಿಸಲ್ಲ, ಬೂಷ್ಟಿನಂಥ ಸೂಕ್ಷ್ಮಜೀವಿಯ ಕೆಲಸವೆಂದು 1910ರ ಸುಮಾರಿಗೆ ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಎಂಬ ಶಾಸ್ತ್ರಜ್ಞರು ತೋರಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ರೂಢಿಯನ್ನು ಬೆಳೆಸಿದರು. ಗೊನೆಯನ್ನು ಉಳಿಸುವ ಅದೇ ತಾಮ್ರವು ಗೂಟವನ್ನೂ ಉಳಿಸಬಲ್ಲದು. ಆ ಮಾತು ಮುಂದೆ ಬರುವದು.

ಇಲ್ಲಿ ಜಮೀನುದಾರರಲ್ಲಿ ಬೇರೂರಿದ ಒಂದು ನಂಬಿಕೆಯನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ. ಬೇಲಿಯ ಆಯುಷ್ಯವು ಮರದ ಜಾತಿಯಲ್ಲಿದೆಯೆಂದು ಎಲ್ಲರೂ ಹೇಳುವರು: ಸಾಗವಾನಿಯಾದರೆ ಚಿಂತೆಯಿಲ್ಲ, ನೀಲಗಿರಿಯಾದರೆ ಎರಡೇ ವರ್ಷ. ಇದು ಅರ್ಧ ಸತ್ಯ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ನಾನಾ ಜಾತಿಯ ಕಟ್ಟಿಗೆಯ ತುಂಡುಗಳನ್ನು ಅರ್ಧದ ಮಟ್ಟಿಗೆ ನೆಲದಲ್ಲಿ ಹೂತು, ಅವು ಎಷ್ಟು ಕಾಲ ಬಾಳುವವೆಂದು ಬಹುಕಾಲ ಪರೀಕ್ಷಿಸಿರುವರು. 120 ತಿಂಗಳು ಅಥವಾ ಅದಕ್ಕೂ ಮೀರಿ ಬಾಳುವವು ಮೊದಲನೆಯ ವರ್ಗ, 60ರಿಂದ 120 ತಿಂಗಳವರೆಗಿನವು ಎರಡನೆಯದು, 60ಕ್ಕೂ ಕಡಿಮೆಯಾದವು ಮೂರನೆಯದು ಎಂದು ವಿಂಗಡಿಸಿದ್ದಾರೆ. ಸಾಗವಾನಿಯು ಮೊದಲನೆಯ ವರ್ಗದ್ದೇ ಸರಿ. ಆದರೆ ಈ ವರ್ಗೀಕರಣವೆಲ್ಲ ಚೇಗಿನದು, ಅಂದರೆ ಮರದ ನಡುವಿನ ಗಾಢ ಬಣ್ಣದ ಕೆಚ್ಚಿನದು. ಅದರ ಸುತ್ತಲಿನ ಬಿಳಿಯ ಹೊರಮರಕ್ಕೆ ಯಾವ ಜಾತಿಯಲ್ಲಿಯೂ ಬಾಳಿಕೆಯಿಲ್ಲ. ಸಾಗವಾನಿಯ ಬಿಳಿಮರವು ನೀಲಗಿರಿಯ ಬಿಳಿಮರದಂತೆಯೇ ಕೊಳೆಯುವದು.

ಈಗ ಬೇಲಿಗೆ ಬರುವ ಸಾಗವಾನಿ ಎಂಥದು? ನೆಡುತೋಪುಗಳಲ್ಲಿ ಸಸಿಗಳು ಒತ್ತಾಗಿ ಬೆಳೆದಾಗ ನಡುನಡುವೆ ಕಡಿದು ತೆಗೆದ ಎಳೆಯ ಗಳಗಳು, ತೋಳಿನ ದಪ್ಪದವು. ಇಂಥ ಗಳವನ್ನು ಅಡ್ಡ ಕೊಯ್ದು ನೋಡಿದರೆ ನಡುವೆ ರೂಪಾಯಿಯಗಲದ ಚೇಗು, ಸುತ್ತಲೂ ಎರಡು ಬೆರಳು ಬಿಳಿಮರ. ಇದಕ್ಕೆ ಸಾಗವಾನಿಯ ಬೆಲೆ ಕೊಟ್ಟು ತಂದವನು ಹೆಸರನ್ನು ಕೊಂಡನೇ ಹೊರತು ಬಾಳಿಕೆಯನ್ನು ಕೊಳ್ಳಲಿಲ್ಲ. ಹಳೆಯ ಮನೆ ಬಿಚ್ಚಿದಾಗ ಸಿಕ್ಕ ಒಂದು ತುಂಡು ತೊಲೆಯನ್ನು ನಾಲ್ಕಾಗಿ ಸೀಳಿ ಗೂಟ ಮಾಡಿದರೆ, ಅದು ಇಂಥ ಹತ್ತು ಗಳಗಳಿಗಿಂತ ಹೆಚ್ಚು ಕಾಲ ನಿಲ್ಲುವದು. ಕಟ್ಟಿಗೆ ಕೊಳ್ಳುವಾಗ ಜಾತಿಯನ್ನು ಕೇಳುವದಕ್ಕಿಂತ ಮೊದಲು ಕೊಯ್ದ ತುದಿಯನ್ನು ನೋಡುವ ರೂಢಿಯನ್ನು ಹಿರಿಯರು ಹಾಕಿಕೊಡತಕ್ಕದ್ದು.

ಇನ್ನು ನಿಲ್ಲಿಸುವ ಕ್ರಮ. ಈ ಸೀಮೆಯಲ್ಲಿ ಬೇಲಿಯ ನೆನಪಾಗುವದು ರೋಹಿಣಿ ಮಳೆಯ ಗುಡುಗು ಕೇಳಿದ ಮೇಲೆ. ಆಗ ಹಸಿಯ ಗಳಗಳನ್ನು ಕಡಿದು, ತೊಗಟೆಯನ್ನೂ ಸುಲಿಯದೆ, ಅಂದೇ ನೆಲಕ್ಕೆ ನೆಡುವರು. ಇದಕ್ಕಿಂತ ಕೆಟ್ಟ ಪದ್ಧತಿಯನ್ನು ಯೋಚಿಸಿ ಹುಡುಕಿದರೂ ಸಿಕ್ಕಲಾರದು. ಹಸಿ ಕಟ್ಟಿಗೆಯು ಮೊದಲೇ ನೀರಿನಿಂದ ತುಂಬಿರುವದು. ತೊಗಟೆಯು ಆ ನೀರನ್ನು ಆರಗೊಡದು. ತೊಗಟೆಯ ಅಡಿಗೆ ಕೊರೆಯುವ ಹುಳಗಳು ಮನೆ ಮಾಡುವವು. ಮೇಲೆ ನಾಲ್ಕು ತಿಂಗಳ ಮಳೆ. ಅಂಥ ಗೂಟವು ಸುಗ್ಗಿಗೆ ಮೊದಲೇ ಅರ್ಧ ಆಯುಷ್ಯವನ್ನು ಕಳೆದುಕೊಂಡಿರುವದು. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ, ಭತ್ತದ ಕೊಯ್ಲು ಮುಗಿದು ಆಳುಗಳು ಬಿಡುವಾಗಿರುವಾಗ ಗಳಗಳನ್ನು ತಂದು, ಅಂದೇ ತೊಗಟೆ ಸುಲಿದು, ಕಲ್ಲುಗಳ ಮೇಲೆ ನೆಲಕ್ಕೆ ತಾಗದಂತೆ ಅಡ್ಡಡ್ಡಲಾಗಿ ಒಟ್ಟಿ, ನೆರಳಿನಲ್ಲಿ ಗಾಳಿಯಾಡುವಂತೆ ಇಟ್ಟರೆ, ಯುಗಾದಿ ಕಳೆಯುವ ಹೊತ್ತಿಗೆ ಅವು ನೆಡಲು ಯೋಗ್ಯವಾಗುವವು. ಇದರಲ್ಲಿ ಖರ್ಚು ಏನೂ ಇಲ್ಲ. ಆರು ತಿಂಗಳು ಮುಂಚಿತವಾಗಿ ಯೋಚಿಸಬೇಕು, ಅಷ್ಟೇ. ಅಮಾವಾಸ್ಯೆಯ ಸಮೀಪ ಕಡಿದ ಬಿದಿರಿಗೆ ಕುಟ್ಟೆಹುಳ ಹತ್ತದೆಂಬ ನಂಬಿಕೆಯೂ ಇದೆ. ತಿಥಿ ನೋಡುವವರು ನೋಡಲಿ. ಆದರೆ ಮಳೆಗಾಲ ಕಳೆದ ಮೇಲೆ ಕಡಿಯುವದೂ, ಕಡಿದದ್ದನ್ನು ಹರಿಯುವ ನೀರಿನಲ್ಲಿ ಕೆಲವು ವಾರ ನೆನೆಸಿ ಅದರ ಪಿಷ್ಟವನ್ನು ಕಳೆಯುವದೂ ತಿಥಿಗಿಂತ ಹೆಚ್ಚಿನ ಫಲ ಕೊಡುವವು. ಹೀಗೆ ಮಾಡಿದರೂ ಬಿದಿರಿನ ಗಳವನ್ನು ಮಣ್ಣಿನಲ್ಲಿ ಹೂತರೆ ಒಂದರಿಂದ ಮೂರು ವರ್ಷಕ್ಕಿಂತ ಹೆಚ್ಚು ಬಾಳದು. ಬಿದಿರು ಅಡ್ಡಗಳುವಿಗೂ ತಡಿಕೆಗೂ ತಕ್ಕದ್ದು, ಗೂಟಕ್ಕಲ್ಲ.

ಗೂಟವನ್ನು ನೆಡುವಾಗ ಕುಣಿಯ ತಳಕ್ಕೆ ಅರ್ಧ ಅಡಿ ಗರಸು ಅಥವಾ ಜಲ್ಲಿಯನ್ನು ಹಾಕಿ, ಸುತ್ತಲೂ ಅದನ್ನೇ ತುಂಬಿ ಗಟ್ಟಿಸಬೇಕು. ಮಣ್ಣನ್ನು ಗೂಟದ ಸುತ್ತ ದಿಬ್ಬದಂತೆ ಏರಿಸಿ ನೀರು ಹೊರಕ್ಕೆ ಹರಿಯುವಂತೆ ಮಾಡಬೇಕು. ತಲೆಯನ್ನು ಓರೆಯಾಗಿ ಕತ್ತರಿಸಬೇಕು. ಇತ್ತೀಚೆಗೆ ಗೂಟದ ಸುತ್ತ ಸಿಮೆಂಟಿನ ಗಾರೆಯನ್ನು ತುಂಬುವದು ಪ್ರತಿಷ್ಠೆಯ ಲಕ್ಷಣವಾಗಿದೆ. ಇದು ಗಟ್ಟಿಯಾಗಿ ಕಾಣುವದೇನೋ ಅಹುದು. ಆದರೆ ಬೇಸಿಗೆಯಲ್ಲಿ ಕಟ್ಟಿಗೆಯು ಕುಗ್ಗಿ ಗಾರೆಗೂ ಗೂಟಕ್ಕೂ ನಡುವೆ ಸಂದು ಬೀಳುವದು. ಮಳೆಗಾಲದಲ್ಲಿ ಆ ಸಂದು ನೀರು ತುಂಬಿದ ಬಟ್ಟಲಾಗುವದು. ಗೂಟವು ಆ ಬಟ್ಟಲಿನಲ್ಲಿ ನಾಲ್ಕು ತಿಂಗಳು ನಿಲ್ಲುವದು. ಗಾರೆ ಹಾಕಲೇಬೇಕೆನ್ನುವವರು ತಳವನ್ನು ಮುಚ್ಚದೆ ಗರಸಿನ ಮೇಲೆಯೇ ಗೂಟವನ್ನು ಊರಿ, ಗಾರೆಯ ಮೇಲ್ಮೈಯನ್ನು ಇಳಿಜಾರು ಮಾಡಿ, ಸಂದು ಬಿಟ್ಟಾಗ ಡಾಂಬರಿನಿಂದ ಮುಚ್ಚುತ್ತಿರಬೇಕು.

ಬುಡವನ್ನು ಬೆಂಕಿಯಲ್ಲಿ ಕರಿಕಾಗುವಂತೆ ಸುಟ್ಟು ನೆಡುವ ಪದ್ಧತಿಯು ಪ್ರಪಂಚದ ಅನೇಕ ದೇಶಗಳಲ್ಲಿದೆ, ಇಲ್ಲಿಯೂ ಇದೆ. ಇದ್ದಲಿಗೆ ಗೆದ್ದಲು ಹತ್ತದು, ಶಿಲೀಂಧ್ರವೂ ಹತ್ತದು ಎಂಬ ಮಾತು ನಿಜ. ಆದರೆ ಇದ್ದಲಿನ ಪದರು ಬಿರಿಯುವದು, ಬಿರುಕಿನಿಂದ ತೇವವು ಒಳಗಿನ ಕಟ್ಟಿಗೆಗೆ ಸೇರುವದು. ಮೇಲಾಗಿ ಸುಟ್ಟಷ್ಟು ಗೂಟವು ಸಣ್ಣಗಾಗುವದು. ಅಮೇರಿಕದ ಮ್ಯಾಡಿಸನ್ ಪಟ್ಟಣದಲ್ಲಿಯ ಅರಣ್ಯೋತ್ಪನ್ನ ಪ್ರಯೋಗಶಾಲೆಯವರು ಸುಟ್ಟ ಗೂಟಗಳನ್ನೂ ಸುಡದ ಗೂಟಗಳನ್ನೂ ನೆಟ್ಟು ಪರೀಕ್ಷಿಸಿದಾಗ ಸುಟ್ಟವುಗಳಿಗೆ ಹೆಚ್ಚಿನ ಆಯುಷ್ಯ ಕಂಡುಬರಲಿಲ್ಲ. ಹಿರಿಯರಿಂದ ಬಂದದ್ದೆಂಬ ಗೌರವದಿಂದ ಇದನ್ನು ನಡೆಸುವವರು ನಡೆಸಬಹುದು. ಇದೊಂದನ್ನೇ ನಂಬಿ ಕೂಡಬಾರದು.

ಆದರೆ ಇನ್ನೊಂದು ರೂಢಿಯನ್ನು ಮಾತ್ರ ಸ್ಪಷ್ಟವಾಗಿ ಬೇಡವೆನ್ನಬೇಕಾಗಿದೆ. ಟ್ರ್ಯಾಕ್ಟರುಗಳಿಂದ ಬಸಿದ ಸುಟ್ಟ ಎಣ್ಣೆಯನ್ನು ಗೂಟಗಳಿಗೆ ಬಳಿಯುವದು ಊರೂರಿಗೆ ಹಬ್ಬಿದೆ. ಪುಕ್ಕಟೆಯಾಗಿ ಸಿಕ್ಕುವದೆಂಬುದೇ ಅದರ ಗುಣ. ಅದು ಕಟ್ಟಿಗೆಯೊಳಗೆ ಆಳವಾಗಿ ಇಳಿಯದು; ಶಿಲೀಂಧ್ರವನ್ನು ನಂಬಿಕೆಯಿಂದ ಕೊಲ್ಲಲಾರದು; ಯಂತ್ರದಲ್ಲಿ ಸವೆದ ಲೋಹಗಳೂ ಬೇರೆ ವಿಷಗಳೂ ಅದರಲ್ಲಿ ಸೇರಿರುವವು. ಮೊದಲ ಮಳೆಗೆ ಅವು ಹಿತ್ತಲ ಮಣ್ಣಿಗಿಳಿದು, ಬಾವಿಯು ಹತ್ತಿರವಿದ್ದರೆ ಬಾವಿಗೂ ಸೇರಬಹುದು. ಸೊಪ್ಪು ತರಕಾರಿ ಬೆಳೆಯುವ ಜಾಗದ ಸುತ್ತ ಇಂಥದನ್ನು ಬಳಿಯುವದು ಬೇಲಿಯನ್ನು ಉಳಿಸಿ ಹಿತ್ತಲವನ್ನು ಕೆಡಿಸಿದಂತೆ. ಕರಾವಳಿಯ ಕಡೆಗೆ ದೋಣಿಗಳಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯು ಇದಕ್ಕಿಂತ ಎಷ್ಟೋ ಮೇಲು. ಆದರೆ ಅದು ಮೈಗೆ ತಾಗಿದರೆ ಬೊಕ್ಕೆ ಏಳುವದರಿಂದ ಬರಿಗೈಯಿಂದ ಮುಟ್ಟತಕ್ಕದ್ದಲ್ಲ.

ಶಾಸ್ತ್ರೀಯವಾದ ಸಂಸ್ಕಾರದ ವಿಷಯದಲ್ಲಿ ಹಿಂದುಸ್ಥಾನವು ಜಗತ್ತಿಗೇ ಪಾಠ ಹೇಳಿದೆಯೆಂಬುದು ಬಹು ಜನರಿಗೆ ತಿಳಿಯದು. 1933ರಲ್ಲಿ ಡೆಹರಾಡೂನಿನ ಅದೇ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಎಂಬವರು ತಾಮ್ರ, ಕ್ರೋಮ್, ಪಾಷಾಣ ಈ ಮೂರರ ಲವಣಗಳನ್ನು ಕೂಡಿಸಿದ ಒಂದು ದ್ರಾವಣವನ್ನು ಕಂಡುಹಿಡಿದರು. ತಾಮ್ರವು ಶಿಲೀಂಧ್ರಕ್ಕೆ, ಪಾಷಾಣವು ಗೆದ್ದಲಿಗೆ. ಕ್ರೋಮ್ ಇವೆರಡನ್ನೂ ಮಳೆಯಲ್ಲಿ ತೊಳೆದುಹೋಗದಂತೆ ಕಟ್ಟಿಗೆಗೆ ಬಿಗಿಯುವದು. ಅನೇಕ ದೇಶಗಳಲ್ಲಿ ವಿದ್ಯುತ್ತಿನ ಕಂಬಗಳೂ ಬೇಲಿಯ ಗೂಟಗಳೂ ದಶಕಗಳ ಕಾಲ ಇದರಿಂದಲೇ ಬಾಳಿದವು. ಆದರೆ ಪಾಷಾಣವು ಪಾಷಾಣವೇ. ಕಟ್ಟಿಗೆಯಿಂದ ಅದು ಅಲ್ಪಸ್ವಲ್ಪವಾಗಿ ಮಣ್ಣಿಗೆ ಜಿನುಗುವದೆಂದು ಕಂಡುಬಂದದ್ದರಿಂದ, 2004ರಿಂದ ಅಮೇರಿಕದಲ್ಲಿಯೂ ಯೂರೋಪಿನಲ್ಲಿಯೂ ಮನೆಯ ಅಂಗಳ, ಮಕ್ಕಳ ಆಟದ ಬಯಲು ಮುಂತಾದೆಡೆಗಳಲ್ಲಿ ಅದರ ಉಪಯೋಗವನ್ನು ಬಿಡಿಸಿದರು. ಪಾಷಾಣದ ಬದಲಿಗೆ ಬೋರಾನನ್ನು ಸೇರಿಸಿದ ಇನ್ನೊಂದು ದ್ರಾವಣವೂ ಇದೆ. ಹಿತ್ತಲಕ್ಕೆ ಕೇಳುವದಾದರೆ ಅಂಥದನ್ನೇ ಕೇಳತಕ್ಕದ್ದು. ಬರೀ ಬೋರಾಕ್ಸು ಮಾಡಿನ ಅಡಿಯ ಕಟ್ಟಿಗೆಗೆ ಒಳ್ಳೆಯದು. ಮಳೆಯಲ್ಲಿ ನಿಲ್ಲುವ ಗೂಟದಿಂದ ತೊಳೆದುಹೋಗುವದು. ಬರೀ ಮೈಲುತುತ್ತವೂ ಹಾಗೆಯೇ ಕ್ರಮೇಣ ತೊಳೆದುಹೋಗುವದಲ್ಲದೆ, ಮೊಳೆ ತಂತಿಗಳ ಕಬ್ಬಿಣವನ್ನು ತಿನ್ನುವದು.

ಇಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಇಂಥ ದ್ರಾವಣಗಳನ್ನು ಚೆನ್ನಾಗಿ ಹೀರುವದು ಬಿಳಿಮರವೇ, ಚೇಗು ಹೀರದು. ಆದುದರಿಂದ ಯಾವ ಎಳೆಯ ಗಳವು ಸಂಸ್ಕಾರವಿಲ್ಲದೆ ಮೂರು ವರ್ಷದಲ್ಲಿ ಕೊಳೆಯುವದೋ, ಅದೇ ಗಳವು ಕಾರ್ಖಾನೆಯಲ್ಲಿ ಒತ್ತಡದಿಂದ ಸಂಸ್ಕರಿಸಿದ ಮೇಲೆ ಬಹುಕಾಲ ಬಾಳುವ ಗೂಟವಾಗುವದು. ಹೊಲದ ಬದುವಿನ ನೀಲಗಿರಿ, ಗಾಳಿಮರಗಳಂಥ ಸಾಧಾರಣ ಕಟ್ಟಿಗೆಗೂ ಹೀಗೆ ಬೆಲೆ ಬರುವದು. ಗೂಟವನ್ನು ಕೊಯ್ಯುವ, ತೂತು ಹೊಡೆಯುವ ಕೆಲಸವೆಲ್ಲ ಸಂಸ್ಕಾರಕ್ಕೆ ಮೊದಲೇ ಮುಗಿದಿರಬೇಕು. ಆಮೇಲೆ ಕೊಯ್ದರೆ ಒಳಗಿನ ಬರಿಯ ಕಟ್ಟಿಗೆ ತೆರೆದುಕೊಳ್ಳುವದು. ಈ ಲವಣಗಳನ್ನು ಮನೆಯಲ್ಲಿ ಬಕೇಟಿನಲ್ಲಿ ಕಲಸುವ ಸಾಹಸ ಸರ್ವಥಾ ಕೂಡದು. ಅವುಗಳಲ್ಲಿಯ ಕ್ರೋಮ್ ಲವಣವು ಶ್ವಾಸಕ್ಕೂ ಚರ್ಮಕ್ಕೂ ಘಾತುಕವಾದದ್ದು. ಬೆಂಗಳೂರಿನಲ್ಲಿ 1938ರಲ್ಲಿ ಅರಣ್ಯ ಪ್ರಯೋಗಶಾಲೆಯೆಂದು ಆರಂಭವಾಗಿ, ಈಗ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೆಂದು ನಡೆಯುತ್ತಿರುವ ಕೇಂದ್ರವು ಕಟ್ಟಿಗೆಯ ರಕ್ಷಣೆಯ ವಿಷಯದಲ್ಲಿ ಸಂಶೋಧನೆ ನಡೆಸಿದೆ. ಒಬ್ಬ ರೈತನು ಇಪ್ಪತ್ತು ಗೂಟಗಳಿಗಾಗಿ ಎಲ್ಲಿಗೂ ಹೋಗಲಾರನು, ಹೋಗಬೇಕಾದದ್ದೂ ಇಲ್ಲ. ಆದರೆ ಊರ ಹಿರಿಯರು ಸಹಕಾರಿ ಸಂಘದ ಮೂಲಕ ಐದುನೂರು ಗೂಟಗಳನ್ನು ಒಟ್ಟುಮಾಡಿದರೆ ಲಾರಿಯ ಬಾಡಿಗೆಯೂ ಸಂಸ್ಕಾರದ ಖರ್ಚೂ ಹಂಚಿಹೋಗುವವು. ಪಂಚಾಯತಿಗಳು ಕಮಾನು ಕಟ್ಟಿಸುವ ಉತ್ಸಾಹದ ಹತ್ತನೆಯ ಒಂದು ಪಾಲನ್ನು ಇದಕ್ಕೆ ತೋರಿದರೂ ಸಾಕಾದೀತು.

ಸಂಸ್ಕರಿಸಿದ ಕಟ್ಟಿಗೆಯ ಚೂರುಗಳನ್ನೂ, ಲಿಲಾವಿನಲ್ಲಿ ಕೊಂಡು ಬೇಲಿಗೆ ನಿಲ್ಲಿಸಿದ ಹಳೆಯ ರೈಲು ಹಳಿಯ ಮರಗಳನ್ನೂ ಎಂದಿಗೂ ಒಲೆಗೆ ಹಾಕಬಾರದು. ನೀರು ಕಾಯಿಸುವ ಬಚ್ಚಲೊಲೆಗೂ ಹಾಕಬಾರದು. ಅವುಗಳ ಹೊಗೆಯೂ ವಿಷ, ಬೂದಿಯೂ ವಿಷ. ಆ ಬೂದಿಯನ್ನು ಬದನೆಯ ಮಡಿಗೆ ಎರಚುವ ಗೃಹಿಣಿಗೆ ಅದರ ಅರಿವಿರುವದಿಲ್ಲ. ಮನೆಯ ಯಜಮಾನನು ಇದನ್ನು ಹೆಂಗಸರಿಗೂ ಆಳುಗಳಿಗೂ ತಿಳಿಸಿ ಹೇಳುವದು ಅವನ ಕರ್ತವ್ಯ.

ಕಟ್ಟಿಗೆಯ ಗೊಡವೆಯೇ ಬೇಡ, ಸಿಮೆಂಟಿನ ಕಂಬಗಳನ್ನು ನಿಲ್ಲಿಸಿದರಾಯಿತೆಂದು ಹೇಳುವವರೂ ಇದ್ದಾರೆ. ದೊಡ್ಡ ಕಬ್ಬಿನ ಗದ್ದೆಯ ಸುತ್ತ ಅದು ಸರಿಯಾಗಬಹುದು. ಆದರೆ ತೆಳುವಾಗಿ ಎರೆದ ಕಂಬದೊಳಗಿನ ಸರಳು ತುಕ್ಕು ಹಿಡಿದು ಬಿರಿಯುವದನ್ನೂ, ಎತ್ತು ತಿವಿದರೆ ಅದು ನಡುವೆ ಮುರಿಯುವದನ್ನೂ ಕಂಡವರು ಅದನ್ನು ಶಾಶ್ವತವೆನ್ನಲಾರರು. ಆನೆಯ ವಿಷಯವಂತೂ ಬೇರೆ. ದಾಂಡೇಲಿ, ಮುಂಡಗೋಡದ ಕಡೆಯ ಅಡವಿಯಿಂದ ಇಳಿಯುವ ಆನೆಗೆ ಕಟ್ಟಿಗೆಯೂ ಒಂದೇ ಸಿಮೆಂಟೂ ಒಂದೇ. ಅದಕ್ಕೆ ಕಂದಕ, ಸೌರಶಕ್ತಿಯ ತಂತಿ ಮುಂತಾದ ಉಪಾಯಗಳನ್ನು ಅರಣ್ಯ ಇಲಾಖೆಯೊಡನೆ ಕೂಡಿ ಯೋಚಿಸಬೇಕೇ ಹೊರತು ಹಿತ್ತಲ ಬೇಲಿಯನ್ನು ದೂರಿ ಫಲವಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಕೊಳೆಯದ ಗೂಟವೊಂದಿದೆ. ಅದು ಜೀವಂತ ಗೂಟ. ಮಳೆಯ ಆರಂಭಕ್ಕೆ ಗೊಬ್ಬರಗಿಡದ ತೋಳುದಪ್ಪ ಕೊಂಬೆಗಳನ್ನು ಊರಿದರೆ ಬೇರು ಬಿಟ್ಟು ಚಿಗುರುವವು, ಹಾಲಿವಾಣವೂ ಹಾಗೆಯೇ. ಗೊಬ್ಬರಗಿಡದ ಸೊಪ್ಪು ಗದ್ದೆಗೆ ಗೊಬ್ಬರ. ನಡುನಡುವೆ ಲಕ್ಕಿಯನ್ನೂ ಕತ್ತಾಳೆಯನ್ನೂ ಹಾಕಿದರೆ ದನ ನುಸುಳಲಾರದು. ಕಳ್ಳಿಯೂ ಒಳ್ಳೆಯ ಬೇಲಿಯೇ. ಆದರೆ ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯವಾದ್ದರಿಂದ ಮಕ್ಕಳಾಡುವ ಕಡೆಗೆ ಬೇಡ. ಸಾಲು ಬಲಿಯುವ ಮೊದಲ ಎರಡು ಮೂರು ವರ್ಷ ಮಾತ್ರ ಅದಕ್ಕೆ ಕಾವಲು ಬೇಕು. ಮರದ ಬೇಲಿಗೆ ತಕ್ಕ ಕೆಲಸ ಇದೇ: ಜೀವಂತ ಬೇಲಿಯು ಕಾಲೂರುವವರೆಗೆ ಅದನ್ನು ಕಾಯುವದು, ಆಮೇಲೆ ಮೂಲೆಗಳಲ್ಲಿಯೂ ದಣಪೆಯ ಎರಡು ಕಡೆಗೂ ನಿಲ್ಲುವದು. ಹಾಗೆ ಮಾಡಿದರೆ ಎಕರೆಗೆ 104 ಗೂಟಗಳ ಬದಲು ಹತ್ತು ಹನ್ನೆರಡಕ್ಕೆ ಮಾತ್ರ ಒಳ್ಳೆಯ ಚೇಗು ಅಥವಾ ಸಂಸ್ಕರಿಸಿದ ಗಳ ಬೇಕಾಗುವದು. ಅಷ್ಟನ್ನು ಕೊಳ್ಳಲು ಬಡ ಒಕ್ಕಲಿಗನಿಗೂ ಸಾಧ್ಯ. ನೆರೆಹೊರೆಯ ಹದಿನಾರು ಎಕರೆಯವರು ಒಗ್ಗಟ್ಟಾಗಿ ಹೊರಸುತ್ತಿಗೆ ಮಾತ್ರ ಬೇಲಿ ಹಾಕಿದರೆ ಸುಮಾರು 420 ಗೂಟ ಸಾಕು. ಪ್ರತಿಯೊಂದು ಎಕರೆಯನ್ನೂ ಬೇರೆ ಬೇರೆ ಮುಚ್ಚಿದರೆ, ನಡುವಿನ ಬದುವಿಗೆ ಒಂದೇ ಬೇಲಿಯೆಂದು ಹಿಡಿದರೂ, 1,040 ಬೇಕು. ಇದನ್ನು ಒಪ್ಪಿಸುವ ಸಾಮರ್ಥ್ಯವು ಕೃಷಿ ಅಧಿಕಾರಿಗಿಂತ ಊರ ಗೌಡರಿಗೆ ಹೆಚ್ಚು.

ಮಳೆ ಹೆಚ್ಚಾದ ಜೋಯಿಡಾದ ಕಡೆಗೂ, ಧಾರವಾಡಕ್ಕೆ ತಾಗಿದ ಹಳಿಯಾಳದ ಮೂಡಲ ಹಳ್ಳಿಗಳಿಗೂ ಈ ಕ್ರಮದಲ್ಲಿ ಸ್ವಲ್ಪ ಭೇದವಿರುವದು ಸಹಜ. ಭತ್ತದ ಗದ್ದೆಯ ಬದುವಿನ ಮೇಲೆ ನಿಂತ ಗೂಟಕ್ಕೆ ಎಲ್ಲ ಕಡೆಗಿಂತ ಕಡಿಮೆ ಆಯುಷ್ಯ. ಅಲ್ಲಿ ಜೀವಂತ ಬೇಲಿಯೇ ಲೇಸು. ಬೇಲಿಗೆ ಒರಗಿಸಿ ತಿಪ್ಪೆ ಹಾಕುವದನ್ನೂ ಎಲ್ಲ ಕಡೆಗೆ ಬಿಡಬೇಕು. ಹೀರೆ, ಸೌತೆಯ ಬಳ್ಳಿಗಳು ಬೇಲಿಯ ಮೇಲೆ ಹಬ್ಬಿ ಕಟ್ಟಿಗೆಯನ್ನು ಒಣಗಗೊಡವೆಂಬುದು ನಿಜವಾದರೂ, ಬೇಲಿಯ ಮೇಲಿನ ಹೀರೆಕಾಯಿಯನ್ನು ಬಿಡಿಸೆಂದು ಯಾವ ಮನೆಯಲ್ಲಿಯೂ ಹೇಳಿ ನಡೆಯಲಾರದು. ಬುಡದಿಂದ ಒಂದು ಅಡಿಯವರೆಗೆ ಬಳ್ಳಿಯನ್ನೂ ಹುಲ್ಲನ್ನೂ ಸವರಿ ಗಾಳಿಯಾಡುವಂತೆ ಮಾಡಿದರೆ ತಕ್ಕಮಟ್ಟಿಗೆ ಸಾಕು.

ದೀಪಾವಳಿಯ ಸುಮಾರಿಗೆ ಮಳೆ ನಿಂತು ನೆಲ ಬಿಗಿದ ಮೇಲೆ ಬೇಲಿಯ ಸುತ್ತ ಒಮ್ಮೆ ನಡೆದು, ಪ್ರತಿಯೊಂದು ಗೂಟದ ಬುಡದ ಮಣ್ಣನ್ನು ಗೇಣಿನಷ್ಟು ಸರಿಸಿ, ದಬ್ಬಣದಿಂದ ಚುಚ್ಚಿ ನೋಡಬೇಕು. ಗಟ್ಟಿ ಕಟ್ಟಿಗೆಗೆ ದಬ್ಬಣವು ಕಷ್ಟದಿಂದ ಇಳಿಯುವದು. ಕುಂಬಾದದ್ದಕ್ಕೆ ಬೆಣ್ಣೆಗೆ ಇಳಿದಂತೆ ಇಳಿಯುವದು. ಕುಂಬಾದವುಗಳಿಗೆ ಸುಣ್ಣದ ಗುರುತು ಹಾಕಿ ಎಣಿಸಿದರೆ, ಮಾರ್ಗಶಿರದಲ್ಲಿ ಎಷ್ಟು ಗಳ ತಂದು ಒಣಗಿಸಬೇಕೆಂಬ ಲೆಕ್ಕವು ಸಿಕ್ಕುವದು. ಹಾಗೆ ಕಿತ್ತ ಗೂಟಗಳನ್ನು ಎಸೆಯುವ ಕಾರಣವಿಲ್ಲ. ಕೊಳೆತ ಒಂದು ಅಡಿಯನ್ನು ಗಟ್ಟಿ ಕಟ್ಟಿಗೆ ಸಿಕ್ಕುವವರೆಗೆ ಕೊಯ್ದು ತೆಗೆದರೆ, ಉಳಿದ ನಾಲ್ಕು ಅಡಿಯು ದಣಪೆಯ ಅಡ್ಡಗಳುವಾಗಿಯೋ, ದನದ ಕೊಟ್ಟಿಗೆಯಲ್ಲಿ ಕಲ್ಲಿನ ಮೇಲೆ ನಿಲ್ಲಿಸಿದ ಕಂಬವಾಗಿಯೋ ಇನ್ನೂ ಅನೇಕ ವರ್ಷ ಸೇವೆ ಮಾಡುವದು.